ಮೂರು ತಿಂಗಳು ನಿಂತ ಪಿಕಪ್

ನನ್ನ ಗಂಡ ತೀರಿಕೊಂಡದ್ದು ಕಿತ್ತೂರಿನಲ್ಲಿ, ಹೆದ್ದಾರಿಯ ಪಕ್ಕದ ಒಂದು ಚಹಾದ ಅಂಗಡಿಯ ಮುಂದೆ. ಬೇಸಿಗೆಯ ಮಧ್ಯಾಹ್ನ. ಲೋಡಿಗಾಗಿ ಕಾಯುತ್ತಿದ್ದರಂತೆ. ಎದೆ ಹಿಡಿದಂತಾಗುತ್ತಿದೆ ಎಂದು ಅಂಗಡಿಯ ಮರದ ಬಾಕಿನ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು. ಆ ಹೊತ್ತಿನಲ್ಲಿ ನಾನು ಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಫೋನು ಬಂತು, ಕೇಳಿದೆ, ಇಟ್ಟೆ. ಮೊರದಲ್ಲಿ ಉಳಿದಿದ್ದ ಜೋಳವನ್ನು ಪೂರ್ತಿ ಹಸನು ಮಾಡಿ ಚೀಲಕ್ಕೆ ಸುರಿದ ಮೇಲೆಯೇ ಎದ್ದೆ. ಯಾಕೆ ಹಾಗೆ ಮಾಡಿದೆ ಎಂದು ಈಗಲೂ ನನಗೆ ತಿಳಿದಿಲ್ಲ. ಊರಲ್ಲಿ ಇದನ್ನು ಬಹಳ ಜನ ಆಡಿಕೊಂಡರು.

ಮರುದಿನ ಅವರ ಜೊತೆಯ ಡ್ರೈವರೊಬ್ಬ ಪಿಕಪ್ಪನ್ನು ಮನೆಗೆ ತಂದು ಅಂಗಳದ ಮುಂದಿನ ಬಯಲು ಜಾಗದಲ್ಲಿ ನಿಲ್ಲಿಸಿದ. ಅಂಗಳದ ತುಂಬ ಜನ ಕುಳಿತಿದ್ದರು. ಆತ ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಂದು ಚಾವಿಯನ್ನು ನನ್ನ ಕೈಗೆ ಕೊಟ್ಟ.

“ವೈನಿ, ಹ್ಯಾಂಡ್ ಬ್ರೇಕ್ ಹಾಕೇನ್ರಿ,” ಎಂದ. ಮತ್ತೆ, “ಸೆಲ್ಫ್ ಎತ್ತವಲ್ದು. ನಾಲ್ಕ ಮಂದಿ ದಬ್ಬಿ ಚಾಲೂ ಮಾಡಿದಿವ್ರಿ,” ಎಂದ.

ಗಾಡಿ ಚಾಲೂ ಮಾಡುವ ಮೋಟರಿಗೆ ನಮ್ಮ ಕಡೆ ಸೆಲ್ಫ್ ಎನ್ನುತ್ತಾರೆ. ನಾನು ತಲೆಯಾಡಿಸಿ ಚಾವಿಯನ್ನು ಅಡಿಗೆಮನೆಯ ಮೊಳೆಗೆ ಹಾಕಿದೆ.

ನಮ್ಮದು ಮುರಗೋಡದ ಹತ್ತಿರದ ಒಂದು ಹಳ್ಳಿ. ನಾನು ನಾಲ್ಕು ಜನ ಹೆಂಗಸರನ್ನು ಕಟ್ಟಿಕೊಂಡು ಖಡಕ್ ರೊಟ್ಟಿ ಬಡಿದು ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರಿನ ಖಾನಾವಳಿಗಳಿಗೆ ಕಳಿಸುತ್ತಿದ್ದೆ. ರೊಟ್ಟಿಯ ಡಬ್ಬಿಗಳನ್ನು ಮುಟ್ಟಿಸುವುದು, ಬರುವಾಗ ಬೇರೆಯವರ ಉಳ್ಳಾಗಡ್ಡಿಯನ್ನೋ ಗೊಬ್ಬರವನ್ನೋ ಹೇರಿಕೊಂಡು ಬರುವುದು ಅವರ ಕೆಲಸ. ಇಪ್ಪತ್ತು ವರ್ಷದ ಸಂಸಾರದಲ್ಲಿ ನಮ್ಮ ಮಾತೆಲ್ಲ ಹೆಚ್ಚಾಗಿ ಡಬ್ಬಿ ಎಷ್ಟು, ಎಲ್ಲಿಗೆ, ಎಷ್ಟು ಗಂಟೆಗೆ ಎಂಬುದೇ ಆಗಿತ್ತು. ಜಗಳವೂ ಅದರ ಮೇಲೆಯೇ.

ನಾನು ಅಳಲಿಲ್ಲ. ಅತ್ತೆ ಎದೆ ಎದೆ ಬಡಿದುಕೊಂಡು ಅತ್ತರು. ನನಗೆ ಯಾವುದೂ ಒಳಗೆ ಇಳಿಯುತ್ತಿರಲಿಲ್ಲ. ಬಂದವರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿತ್ತು, ಅಷ್ಟೇ. “ಆಕೀನ ಒಂದ ಸಲ ಅಳಸ್ರಿ, ಇಲ್ಲಂದ್ರ ಹುಚ್ಚ ಹಿಡಿತೈತಿ,” ಎಂದು ಹಿರಿಯಳೊಬ್ಬಳು ಹೇಳಿದ್ದು ನೆನಪಿದೆ. ಯಾರೋ ಅವರ ಅಂಗಿಯನ್ನು ತಂದು ನನ್ನ ಮಡಿಲಿಗೆ ಹಾಕಿದರು. ನಾನು ಅದನ್ನು ಮಡಚಿ ಇಟ್ಟೆ.

ಹದಿನಾರನೆಯ ದಿನ ಮತ್ತೆ ಒಲೆ ಹಚ್ಚಿದೆ. ಡಬ್ಬಿಗಳನ್ನು ಬಸ್ಸಿಗೆ ಹಾಕತೊಡಗಿದೆವು. ಬಸ್ಸಿನ ಕುಲುಕಾಟಕ್ಕೆ, ಜನರ ಕಾಲಿಗೆ ಸಿಕ್ಕು ಅರ್ಧ ರೊಟ್ಟಿ ಚೂರಾಗುತ್ತಿದ್ದವು. ರಾಮದುರ್ಗದ ಖಾನಾವಳಿ ನಡೆಸುವ ಬಾಯಿ ಎರಡು ಸಲ ಸುಮ್ಮನಿದ್ದು ಮೂರನೆಯ ಸಲ ಫೋನು ಮಾಡಿದರು. “ನಿಮ್ಮ ದುಃಖ ನನಗ ತಿಳಿತೈತ್ರೀ. ಆದ್ರ ಮುರಕ ರೊಟ್ಟಿ ಗಿರಾಕಿ ಮುಂದ ಹೆಂಗ ಇಡ್ಲಿ?” ಎಂದರು. ಅವರು ಹೇಳಿದ್ದು ಸರಿಯಾಗಿತ್ತು.

ಬೈಲಹೊಂಗಲದ ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡುವ ನನ್ನ ಮೈದುನ ಶ್ರಾವಣದ ಹೊತ್ತಿಗೆ ಒಬ್ಬ ಗಿರಾಕಿಯನ್ನು ಕರೆದುಕೊಂಡು ಬಂದ. ಗಾಡಿ ಮಾರಿಬಿಡುವುದೆಂದು ಅವನೇ ತೀರ್ಮಾನಿಸಿದ್ದ. ನಾನು ಬೇಡ ಎನ್ನಲಿಲ್ಲ. ಚಾವಿ ತಂದು ಕೊಟ್ಟೆ. ಗಾಡಿಯ ಸುತ್ತ ಮೊಳಕಾಲೆತ್ತರ ಹುಲ್ಲು ಬೆಳೆದಿತ್ತು. ಗಿರಾಕಿ ಒಳಗೆ ಕುಳಿತು ಚಾವಿ ತಿರುವಿದ. ಟಕಟಕಟಕ ಎಂದು ಹಲ್ಲು ಕಡಿದ ಹಾಗೆ ಸಪ್ಪಳವಾಯಿತು. ಮತ್ತೆ ತಿರುವಿದ. ಆ ಸಪ್ಪಳವೂ ಸಣ್ಣದಾಯಿತು.

“ಕುಂತ ಗಾಡಿ ಇದು,” ಎಂದು ಆತ ಇಳಿದು ಕೈ ಝಾಡಿಸಿಕೊಂಡು ಹೋಗಿಬಿಟ್ಟ.

ಮೈದುನನ ಮುಖ ಸಣ್ಣದಾಯಿತು. ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆ ಅವನಿಗೆ, “ಮೊದಲ ಚಾಲೂ ಮಾಡಸು. ಮಾರೂದೋ ಬಿಡೂದೋ ಆಮ್ಯಾಲ ನೋಡೂಣು. ಸತ್ತಾಂಗ ನಿಂತಿದ್ದು ನನಗ ನೋಡಾಕ ಆಗವಲ್ದು,” ಎಂದರು.

ಹಾಗೆ ಬಂದವರು ಬೈಲಹೊಂಗಲದ ಗಾಡಿ ರಿಪೇರಿಯ ಮಿಸ್ತ್ರಿ. ಈ ಗಾಡಿಯನ್ನು ಕೊಂಡಾಗಿನಿಂದ ಅವರೇ ನೋಡಿಕೊಂಡು ಬಂದಿದ್ದರು. ಅರವತ್ತು ದಾಟಿದ ಮನುಷ್ಯ. ನಲವತ್ತು ವರ್ಷ ಇಂಜಿನ್ನಿನ ಪಕ್ಕದಲ್ಲಿ ಬಾಳಿ ಅವರ ಎರಡೂ ಕಿವಿ ಮಂದವಾಗಿದ್ದವು. ಎದುರಿಗೆ ನಿಂತು ಜೋರಾಗಿ ಮಾತಾಡಿದರೆ ಮಾತ್ರ ಕೇಳುತ್ತಿತ್ತು. ಅವರು ಸಮಾಧಾನದ ಮಾತು ಒಂದೂ ಆಡಲಿಲ್ಲ. ಬಾನೆಟ್ ಎತ್ತಿ, ನನ್ನ ಕಡೆ ತಿರುಗಿ, “ತಂಗೆವ್ವ, ಒಳಗ ಕುಂದರು. ಚಾವಿ ತಿರುವು. ಏನ್ ಕೇಳ್ತೈತಿ ನನಗ ಹೇಳು,” ಎಂದರು.

“ನಾ ಏನ್ ಹೇಳ್ಲಿರಿ? ನನಗೇನ ತಿಳಿತೈತಿ?”

“ತಿಳಿಯೂದು ಬ್ಯಾಡ. ನಿನ್ನ ಕಿವಿ ಬೇಕು ನನಗ. ನನ್ನವು ಹೋಗ್ಯಾವು.”

ನಾನು ಮೊದಲ ಸಲ ಆ ಸೀಟಿನಲ್ಲಿ ಕುಳಿತೆ. ನನ್ನ ಗಂಡನ ಭಾರಕ್ಕೆ ಸೀಟು ಕುಸಿದು ತಗ್ಗಾಗಿತ್ತು. ಕನ್ನಡಿಯಲ್ಲಿ ನನಗೆ ಆಕಾಶ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಚಾವಿ ತಿರುವಿದೆ.

“ಟಕಟಕ ಅಂತೈತ್ರಿ.”

“ಒಂದ ಸಲ ಟಕ್ ಅಂತೋ, ಬಿಟ್ಟೂ ಬಿಡದ ಅಂತೋ?”

“ಬಿಟ್ಟೂ ಬಿಡದ.”

“ಈಗ ಮುಂದಿನ ಲೈಟ್ ಹಾಕಿ ತಿರುವು.”

ಲೈಟು ಮಂದವಾಗಿ ಹತ್ತಿ, ಚಾವಿ ತಿರುವಿದ ಕೂಡಲೇ ಆರಿತು. ಮಿಸ್ತ್ರಿ, “ಬ್ಯಾಟರಿ,” ಎಂದರು. ಬ್ಯಾಟರಿಯ ಎರಡೂ ತುದಿಗೆ ಬೂದಿ ಮೆತ್ತಿದ ಹಾಗೆ ಬಿಳಿ-ಹಸಿರು ಪುಡಿ ಹಿಡಿದಿತ್ತು. ಬಿಸಿನೀರು ತರಲು ಹೇಳಿದರು. ರೊಟ್ಟಿಯ ಒಲೆಯ ಮೇಲಿದ್ದ ಎಸರನ್ನೇ ಒಯ್ದು ಕೊಟ್ಟೆ. ಸುರಿದರೆ ಪುಡಿ ನೊರೆಗಟ್ಟಿ ಇಳಿಯಿತು. ಉಜ್ಜುವ ಕಾಗದ ಕೊಟ್ಟು ತಂತಿಯ ತುದಿಗಳನ್ನು ನನ್ನಿಂದಲೇ ತಿಕ್ಕಿಸಿದರು. ಮೊದಲು ಕರಿ ತಂತಿ ಬಿಚ್ಚಬೇಕು, ಹಾಕುವಾಗ ಅದನ್ನೇ ಕೊನೆಗೆ ಹಾಕಬೇಕು ಎಂದು ತೋರಿಸಿದರು. ಬ್ಯಾಟರಿಯನ್ನು ಚಾರ್ಜಿಗೆ ಒಯ್ದು, ಎರಡು ದಿನ ಬಿಟ್ಟು ತಂದರು. ಅದು ಹಿಡಿಯಲಿಲ್ಲ. ಹೊಸದನ್ನೇ ಹಾಕಬೇಕಾಯಿತು.

ಹೊಸ ಬ್ಯಾಟರಿ ಹಾಕಿ ತಿರುವಿದರೆ ಒಂದೇ ಸಲ ಟಕ್ ಎಂದು ಸುಮ್ಮನಾಯಿತು. ಲೈಟು ಮಾತ್ರ ಝಗ್ಗನೆ ಉರಿಯುತ್ತಿತ್ತು. ಹೇಳಿದೆ. ಮಿಸ್ತ್ರಿಯ ಮುಖದಲ್ಲಿ ಒಂದಿಷ್ಟು ಸಮಾಧಾನ ಕಂಡಿತು.

“ಹಂಗಾದ್ರ ಕರೆಂಟ್ ಸೆಲ್ಫ್ ತನಕಾ ಮುಟ್ಟೈತಿ. ಸೆಲ್ಫ್ ಒಳಗ ಕಾರ್ಬನ್ ಸವದಾವು.”

ನಾನು, “ಎಲ್ಲಾ ಒಮ್ಮೆಲೇ ಬದಲ ಮಾಡಿಬಿಡ್ರಲಾ,” ಎಂದೆ.

“ಇಲ್ಲ ತಂಗೆವ್ವ. ಒಂದ ಸಲಕ್ಕ ಒಂದ. ಎರಡ ಕೂಡೆ ಬದಲ ಮಾಡಿದ್ರ ಯಾವುದರಿಂದ ಸರಿ ಆತು ಗೊತ್ತಾಗೂದಿಲ್ಲ.”

ಗಾಡಿಯ ಕೆಳಗೆ ಚೀಲ ಹಾಸಿಕೊಂಡು ಮಲಗಿ ಆ ಮೋಟರನ್ನು ಬಿಚ್ಚಿ ತಂದು ಕಟ್ಟೆಯ ಮೇಲೆ ಇಟ್ಟರು. ಒಳಗಿನಿಂದ ಸಣ್ಣ ಕರಿ ತುಂಡುಗಳನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಬೆರಳ ಉಗುರಿನಷ್ಟು ಉಳಿದಿದ್ದವು. “ಇಷ್ಟ ಉದ್ದ ಇರಬೇಕು,” ಎಂದು ಹೊಸದನ್ನು ಪಕ್ಕದಲ್ಲಿಟ್ಟು ತೋರಿಸಿದರು. “ಇವು ನಿಂತಾಗ ಸವದಿದ್ದಲ್ಲ. ಓಡಾಡುವಾಗನ ಸವದಾವು. ನಿನ್ನ ಗಂಡಗ ದೀಪಾವಳಿಗೇ ಹೇಳಿದ್ದೆ, ಹಾಕಿಸೋ ಅಂತ. ಮುಂದಿನ ವಾರ, ಮುಂದಿನ ವಾರ ಅಂತಿದ್ದ.”

ಆಗ ನನಗೆ ಒಂದು ಮಾತು ಹೊಳೆಯಿತು. ಸುಮಾರು ದಿನಗಳಿಂದ ಅವರು ಗಾಡಿಯನ್ನು ಇಳಿಜಾರು ನೋಡಿಯೇ ನಿಲ್ಲಿಸುತ್ತಿದ್ದರು. ಬೆಳಿಗ್ಗೆ ಹ್ಯಾಂಡ್ ಬ್ರೇಕ್ ಬಿಟ್ಟರೆ ಗಾಡಿ ತಾನೇ ಉರುಳಿ, ಗೇರಿಗೆ ಬಿದ್ದು ಚಾಲೂ ಆಗುತ್ತಿತ್ತು. ಅದೊಂದು ರೂಢಿ ಎಂದುಕೊಂಡಿದ್ದೆ. ಕಿತ್ತೂರಿನ ಹೆದ್ದಾರಿಯ ಪಕ್ಕದಲ್ಲಿ ಇಳಿಜಾರಿಲ್ಲ. ಆ ಬಿಸಿಲಲ್ಲಿ, ಗಾಡಿ ಎತ್ತದೆ ಇದ್ದಾಗ, ಬಾಗಿಲು ತೆರೆದು ಹೆಗಲು ಕೊಟ್ಟು ಅವರೊಬ್ಬರೇ ದಬ್ಬಿದರೋ? ದಬ್ಬಿ, ಸಾಕಾಗಿ, ಬಾಕಿಗೆ ಬಂದು ಕುಳಿತರೋ?

“ಕಾಕಾ, ಅವತ್ತ ಅವರು ಗಾಡಿ ದಬ್ಬಿರಬಹುದೇನ್ರಿ?” ಎಂದು ಕೇಳಿದೆ.

ಮಿಸ್ತ್ರಿ ತಲೆ ಬಗ್ಗಿಸಿ ಮೋಟರಿನೊಳಗಿನ ಕರಿ ಧೂಳನ್ನು ಒರೆಸುತ್ತಿದ್ದರು. ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದರೋ. ನಾನು ಎದುರಿಗೆ ಹೋಗಿ ಮತ್ತೆ ಕೇಳಲಿಲ್ಲ. ಈಗ ವಾರಕ್ಕೊಮ್ಮೆ ಕಿತ್ತೂರಿಗೆ ಹೋಗುತ್ತೇನೆ. ಆ ಚಹಾದ ಅಂಗಡಿಯವರು ಅವತ್ತು ಎಲ್ಲವನ್ನೂ ನೋಡಿದವರು. ಕೇಳಿದರೆ ಹೇಳಿಯಾರು. ಕೇಳಿಲ್ಲ.

ಕಾರ್ಬನ್ ಹಾಕಿ ಸೆಲ್ಫ್ ಕೂಡಿಸಿದ ಮೇಲೆ ಚಾವಿ ತಿರುವಿದರೆ ಗಾಡಿ ಗರಗರನೆ ತಿರುಗಿತು, ಆದರೆ ಹತ್ತಲಿಲ್ಲ. ತಿರುಗುತ್ತದೆ, ಹತ್ತುವುದಿಲ್ಲ. ಹಾಗೆಂದರೆ ಡೀಸೆಲ್ ಮುಟ್ಟುತ್ತಿಲ್ಲ ಎಂದು ಮಿಸ್ತ್ರಿ ಹೇಳಿದರು. ನಾನು ಬಗ್ಗಿ ಹುಡುಕಿದೆ. ಡೀಸೆಲ್ ಟಾಕಿಯಿಂದ ಬರುವ ರಬ್ಬರ್ ಪೈಪಿನಲ್ಲಿ ಇಲಿ ಕಡಿದ ಗುರುತು ಕಂಡಿತು. ಜೋಳದ ಚೀಲ ಇರುವ ಮನೆ, ಇಲಿಗೇನು ಬರ. ಪೈಪು ಬದಲಾಯಿತು, ಫಿಲ್ಟರ್ ಬದಲಾಯಿತು. ಲೈನಿನಲ್ಲಿ ಗಾಳಿ ಸೇರಿರುತ್ತದೆ, ಅದನ್ನು ತೆಗೆಯಬೇಕೆಂದರು. ಫಿಲ್ಟರಿನ ಮೇಲಿನ ಕೈಪಂಪನ್ನು ನಾನು ಒತ್ತುತ್ತಾ ಹೋದೆ. ಅವರು ಸ್ಕ್ರೂ ಸಡಿಲು ಮಾಡಿ ಹಿಡಿದಿದ್ದರು. ಮೊದಲು ಬುಸುಬುಸು ನೊರೆ, ಆಮೇಲೆ ನೊರೆ ಇಲ್ಲದ ಶುದ್ಧ ಡೀಸೆಲ್ ಬಂತು. ಸ್ಕ್ರೂ ಬಿಗಿದರು.

“ಈಗ ಹೊಡಿ.”

ಎರಡನೆಯ ತಿರುವಿಗೆ ಹತ್ತಿತು. ಕರಿ ಹೊಗೆ ಅಂಗಳವನ್ನೆಲ್ಲ ತುಂಬಿತು. ಗಾಡಿ ಎಂದಿನಂತೆ ಒಂದಿಷ್ಟು ನಡುಗಿ, ಆಮೇಲೆ ಸಮವಾಯಿತು.

ಆಗ ಒಳಗಿನಿಂದ, ಅಡಿಗೆಮನೆಯಿಂದ, ಅತ್ತೆಯ ದನಿ ಕೇಳಿತು. ಎಂದಿನ ದನಿ, ಎಂದಿನ ಮಾತು.

“ಬಂದೇನೋ?”

ಇಂಜಿನ್ನಿನ ಸಪ್ಪಳ ಕೇಳಿ ಇಷ್ಟು ವರ್ಷ ಅವರು ಮಗನಿಗೆ ಕೂಗುತ್ತಿದ್ದ ಮಾತು ಅದು. ತಮಗೆ ತಿಳಿಯದೆ ಬಾಯಿಗೆ ಬಂದುಬಿಟ್ಟಿತ್ತು. ರೊಟ್ಟಿ ಬಡಿಯುತ್ತಿದ್ದ ನಾಲ್ವರೂ ಕೈ ನಿಲ್ಲಿಸಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತರು. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಆಗಲಾದರೂ ನನಗೆ ಏನಾದರೂ ಆಗಬೇಕಿತ್ತು. ಆಗಲಿಲ್ಲ. ಕಿವಿ ಕೇಳದ ಮಿಸ್ತ್ರಿ, “ಸಪ್ಪಳ ಹೆಂಗೈತಿ?” ಎಂದು ಕೇಳಿದರು. “ಚಲೋ ಐತ್ರಿ,” ಎಂದು ಕೂಗಿ ಹೇಳಿದೆ.

ಆ ಭಾನುವಾರ ಮೈದುನ ಬಂದ. “ಚಲೋ ಆತು ವೈನಿ. ಈಗ ಮಾರಿಬಿಡೂಣು. ಇನ್ನ ಇದನ್ನ ಹೊಡಿಯೋರ ಯಾರು?”

“ನಾ ಹೊಡಿತೇನಿ,” ಎಂದೆ.

ಯೋಚಿಸಿ ಆಡಿದ ಮಾತಲ್ಲ. ಧೈರ್ಯದಿಂದ ಆಡಿದ್ದೂ ಅಲ್ಲ. ತವರುಮನೆಯಲ್ಲಿ ಮದುವೆಗೆ ಮುಂಚೆ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆದಿದ್ದೆ. ಕ್ಲಚ್ಚು, ಗೇರು ಗೊತ್ತಿತ್ತು. ಮೈದುನ ನಕ್ಕ, ಆಮೇಲೆ ಸಿಟ್ಟಾದ, ಮಂದಿ ಏನೆಂದಾರು ಎಂದ. ಅತ್ತೆ ಮಾತ್ರ ತಮ್ಮ ಪಾಡಿಗೆ ಸೊಪ್ಪು ಸೋಸುತ್ತಿದ್ದರು. ಅವರು ಬೇಡ ಎನ್ನದೆ ಇದ್ದದ್ದೇ ಅವನ ಬಾಯಿ ಕಟ್ಟಿತು.

ಕಲಿಯುವ ಪರವಾನಗಿ ತೆಗೆದುಕೊಂಡೆ. ಮಿಸ್ತ್ರಿ ಪಕ್ಕದಲ್ಲಿ ಕುಳಿತು ಮುರಗೋಡದ ರಸ್ತೆಯಲ್ಲಿ ಹೊಡೆಸಿದರು. ಎರಡನೆಯ ದಿನವೇ, “ಹಿಂಗ ಆಗೂದಿಲ್ಲ. ನಿನಗ ರಸ್ತಾ ಕಾಣವಲ್ದು. ಗಾಡಿ ನಿನ್ನ ಅಳತಿಗೆ ತರಬೇಕು,” ಎಂದರು. ಹಾಗೆಂದು ಬೈಲಹೊಂಗಲದ ಬಸ್‌ ನಿಲ್ದಾಣದ ಹಿಂದಿನ ಬಿಡಿಭಾಗದ ಅಂಗಡಿಗೆ ಹೋದೆವು.

ಏನೇನು ಸವೆದಿತ್ತು ಎಂದು ನೋಡಿದರೆ, ಸವೆಯದೆ ಉಳಿದದ್ದೇ ಕಡಿಮೆ. ಬಲಗಡೆಯ ಕನ್ನಡಿ ಸೀಳಿತ್ತು, ತಂತಿಯಿಂದ ಕಟ್ಟಿದ್ದರು. ಹಾರ್ನು ನೆಗಡಿಯಾದ ಹಾಗೆ ಕೂಗುತ್ತಿತ್ತು. ಹಿಂದಿನ ಗಾಲಿಗಳಿಗೆ ಕೆಸರು ತಡೆಯುವ ರಬ್ಬರ್ ಒಂದು ಇತ್ತು, ಒಂದು ಇರಲಿಲ್ಲ. ಕಾಲ ಕೆಳಗಿನ ಹಾಸು ತೂತು ಬಿದ್ದು ನೆಲ ಕಾಣುತ್ತಿತ್ತು. ಅಂಗಡಿಯವನು ಸೀಟಿನ ಹೊದಿಕೆಗಳನ್ನು ಹರವಿ, “ಯಾವ ಬಣ್ಣ ಕೊಡ್ಲೆವ್ವಾ?” ಎಂದ. ನಾನು ಬಹಳ ಹೊತ್ತು ನಿಂತೆ. ಕೆಂಪು, ನೀಲಿ, ಕರಿ, ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಕೊನೆಗೆ ಮಿಸ್ತ್ರಿಯೇ ಕರಿಯದನ್ನು ತೆಗೆದು, “ಹೊಲಸಾದ್ರ ಕಾಣೂದಿಲ್ಲ,” ಎಂದರು.

ಸೀಟು ಬಿಚ್ಚಿದಾಗ ಅದರ ಅಡಿಯಲ್ಲಿ ಒಂದು ಹಣಿಗೆ, ಅಡಿಕೆಯ ಚೂರು, ಹಳೆಯ ಬಿಲ್ಲಿನ ಚೀಟಿಗಳು ಸಿಕ್ಕವು. ಜೊತೆಗೆ ಪ್ಲಾಸ್ಟಿಕ್ ಕೂಡ ಹರಿಯದ ಒಂದು ಜೊತೆ ಹೊಸ ವೈಪರ್. ಮಳೆಗಾಲ ಬರುವುದರೊಳಗೆ ಹಾಕಬೇಕೆಂದು ತಂದು, ಮುಂದಿನ ವಾರ ಎಂದು ಅಲ್ಲಿ ತುರುಕಿದ್ದರು. ಮಿಸ್ತ್ರಿ ಅವನ್ನು ನನ್ನ ಕೈಗೆ ಕೊಟ್ಟರು. ಹಳೆಯ ವೈಪರಿನ ಗುಂಡಿ ಒತ್ತಿ, ಕೆಳಕ್ಕೆ ಜಗ್ಗಿ ತೆಗೆದು, ಹೊಸದನ್ನು ಕೊಂಡಿಗೆ ಸಿಕ್ಕಿಸಿ ಟಕ್ಕೆಂದು ಕೂಡುವ ತನಕ ಎಳೆದೆ. ಅವತ್ತೇ ಸಂಜೆ ಮಳೆ ಬಂತು. ಗಾಜು ಸ್ವಚ್ಛವಾಯಿತು.

ಕ್ಲಚ್ಚಿನ ಪೆಡಲಿಗೆ ಹಾಕುವ ರಬ್ಬರು ಒಂದು ಮಗ್ಗುಲು ಪೂರಾ ನುಣುಪಾಗಿತ್ತು. ನನ್ನ ಗಂಡ ಕಾಲನ್ನು ಓರೆ ಇಡುತ್ತಿದ್ದರು. ನಡೆಯುವಾಗಲೂ ಹಾಗೆಯೇ, ಚಪ್ಪಲಿಯೂ ಆ ಕಡೆಯೇ ಸವೆಯುತ್ತಿತ್ತು. ನನ್ನ ಕಾಲು ಅದರ ಮೇಲಿಂದ ಜಾರುತ್ತಿತ್ತು. ಹೊಸದನ್ನು ಹಾಕಿದ ಮೇಲೆ ಮಿಸ್ತ್ರಿ ಹಳೆಯದನ್ನು ಹಿಡಿದು ನನ್ನ ಮುಖ ನೋಡಿದರು, ಇಟ್ಟುಕೊಳ್ಳುತ್ತೀಯಾ ಎನ್ನುವಂತೆ. ನಾನು ಅದನ್ನು ಇಟ್ಟುಕೊಳ್ಳಲಿಲ್ಲ. ಉಳಿದ ಗುಜರಿಯ ಜೊತೆ ಹೋಯಿತು. ಆ ರಾತ್ರಿಯೂ ಚೆನ್ನಾಗಿಯೇ ನಿದ್ದೆ ಬಂತು. ನಿದ್ದೆ ಬಂತೆಂದು ಬೆಳಿಗ್ಗೆ ನನಗೇ ನಾಚಿಕೆಯಾಯಿತು.

ಪರವಾನಗಿ ಸಿಕ್ಕದ್ದು ಚಳಿಗಾಲದಲ್ಲಿ. ಮಿಸ್ತ್ರಿ ಇಲ್ಲದೆ ಮೊದಲ ಸಲ ಹೊರಟದ್ದು ರಾಮದುರ್ಗಕ್ಕೆ. ಡಬ್ಬಿ ಹೇರಿ ಹಗ್ಗ ಕಟ್ಟುವಾಗ ಅತ್ತೆ ಹೊಸ ಸೀರೆ ಉಟ್ಟು ಬಂದು ಪಕ್ಕದ ಸೀಟು ಹತ್ತಿ ಕುಳಿತರು. “ಒಬ್ಬಾಕೀನ ಹೆಂಗ ಕಳಸ್ಲಿ?” ಎಂದರು. ಸವದತ್ತಿ ದಾಟುವ ತನಕ ಅವರು ಡ್ಯಾಶ್‌ಬೋರ್ಡನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಿದ್ದರು. ಆಮೇಲೆ ಒಂದು ಕೈ ಬಿಟ್ಟರು.

ಖಾನಾವಳಿಯಲ್ಲಿ ಡಬ್ಬಿ ಇಳಿಸಿದೆವು. ಅಲ್ಲಿನ ಬಾಯಿ ನನ್ನನ್ನೂ ಗಾಡಿಯನ್ನೂ ನೋಡಿ ಒಳಗೆ ಹೋಗಿ ಎರಡು ತಾಟು ಊಟ ಬಡಿಸಿದರು. ಉಂಡು ಬಂದು ಚಾವಿ ತಿರುವಿದರೆ ಏನೂ ಇಲ್ಲ. ಟಕಟಕವೂ ಇಲ್ಲ, ಟಕ್ ಕೂಡ ಇಲ್ಲ. ಡ್ಯಾಶ್‌ಬೋರ್ಡಿನ ದೀಪವೇ ಹತ್ತಲಿಲ್ಲ.

ನಾಲ್ಕೈದು ಜನ ಗಂಡಸರು ಸೇರಿದರು. ಒಬ್ಬ ಬ್ಯಾಟರಿ ಹೋಗಿದೆ ಎಂದ, ಒಬ್ಬ ಸೆಲ್ಫ್ ಹೋಗಿದೆ ಎಂದ. “ಅಕ್ಕಾರ, ಇಳೀರಿ, ದಬ್ಬತೇವಿ,” ಎಂದು ಇಬ್ಬರು ಹಿಂದೆ ಹೋಗಿ ಕೈ ಹಚ್ಚಿದರು.

“ದಬ್ಬಬ್ಯಾಡ್ರಿ!” ಎಂದೆ. ನನ್ನ ದನಿ ಅಷ್ಟು ಜೋರಾಗಿ ಬಂದದ್ದಕ್ಕೆ ನಾನೇ ಬೆಚ್ಚಿದೆ. ಅವರು ಕೈ ತೆಗೆದರು. ಅತ್ತೆ ನನ್ನ ಮುಖ ನೋಡಿದರು.

ಬಾನೆಟ್ ಎತ್ತಿದೆ. ಬ್ಯಾಟರಿ ಹೊಸದು, ತುದಿಗಳು ಬಿಗಿ ಇದ್ದವು, ಪುಡಿ ಇರಲಿಲ್ಲ. ಕರಿ ತಂತಿಯನ್ನು ಕೈಯಿಂದ ಸವರುತ್ತ ಅದರ ಇನ್ನೊಂದು ತುದಿಯ ತನಕ ಹೋದೆ. ಅದು ಗಾಡಿಯ ಮೈಗೆ ಕೂಡುವ ಕಡೆ ಬೋಲ್ಟು ಸಡಿಲಾಗಿತ್ತು, ತುಕ್ಕು ಹಿಡಿದಿತ್ತು. ಗಾಡಿಯಲ್ಲಿದ್ದ ಪಾನಾದಿಂದ ಬೋಲ್ಟು ತಿರುವಿ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿದೆ. ಕುಳಿತು ಚಾವಿ ತಿರುವಿದೆ. ದೀಪ ಹತ್ತಿತು, ಗಾಡಿ ಒಂದೇ ಸಲಕ್ಕೆ ಎತ್ತಿತು. ಯಾರೋ ಶಹಬ್ಬಾಸ್ ಎಂದರು. ಸಂತೋಷವಾಗಬೇಕಿತ್ತು. ಸಂತೋಷವೆನ್ನುವಂಥದ್ದಲ್ಲ, ಒಂದು ಕೆಲಸ ಮುಗಿಯಿತು ಎನ್ನುವಷ್ಟು ಆಯಿತು. ಆ ದಿನಗಳಲ್ಲಿ ಅದೇ ಹೆಚ್ಚು.

ಊರು ದಾಟಿದ ಮೇಲೆ ಅತ್ತೆ ಮಾತಾಡಿದರು. ಮುಂದಿನ ರಸ್ತೆಯನ್ನೇ ನೋಡುತ್ತ ಆಡಿದರು.

“ನೀ ಅಳಲಿಲ್ಲ ಅಂತ ನಾ ಭಾಳ ಮಂದಿ ಮುಂದ ಆಡಿದೆ ಬೇ.”

“ಗೊತ್ತೈತ್ರಿ ಅತ್ತಿ.”

“ಕಲ್ಲ ಅಂದೆ ನಿನಗ.”

“ಅದೂ ಗೊತ್ತೈತ್ರಿ.”

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ಈಗರ ಹೇಳು. ಒಳಗ ಏನ್ ಆಕ್ಕೈತಿ ನಿನಗ?”

ಸುಳ್ಳು ಹೇಳುವ ಮನಸ್ಸಾಗಲಿಲ್ಲ. “ಏನೂ ಆಗವಲ್ದ್ರಿ,” ಎಂದೆ. “ಮೊದಲನ ದಿನದಿಂದ ಹಂಗ ಐತಿ. ಏನೂ ಆಗವಲ್ದು.”

ಅವರು ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಗೇರಿನ ಮೇಲಿದ್ದ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟರು. ನಮ್ಮ ಮುಂದೆ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ಏರು ಹತ್ತುತ್ತಿತ್ತು. ಗೇರು ಇಳಿಸಬೇಕಿತ್ತು. ಅವರ ಕೈ ಮೇಲಿದ್ದ ಹಾಗೆಯೇ ಗೇರು ಇಳಿಸಿದೆ. ದಾಟಿ ಹೋಗಲು ಜಾಗವಿರಲಿಲ್ಲ. ಕಬ್ಬಿನ ಸೋಗೆ ರಸ್ತೆಯ ಮೇಲೆ ಉದುರುತ್ತಿತ್ತು. ಅದರ ಹಿಂದೆಯೇ, ನಡೆಯುವ ವೇಗದಲ್ಲಿ, ಸವದತ್ತಿಯ ತನಕ ಬಂದೆವು.